ಅಂತರ್ಜಾಲವೂ ಗೃಹರಕ್ಷಣೆಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಬಂದಳಿಕೆಯಲ್ಲಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಭಾಷಣ)



"ಈ ಸಲ ಶಾಸ್ತ್ರವಿಚಾರವು ಬೇಡ, ನಮ್ಮ ಭಕ್ತರ ಮನೆಮನೆಗೂ ಬಂದಿರುವ ಅಂತರ್ಜಾಲದಿಂದ ಅವರಿಗೆ ಕೇಡಾಗದಂತೆ ನಡೆದುಕೊಳ್ಳುವ ಬಗೆಯನ್ನು ಹೇಳಿರಿ" ಎಂದು ಶ್ರೀಸನ್ನಿಧಿಯವರು ನನಗೆ ಅಪ್ಪಣೆ ಕೊಡಿಸಿದರು. ಪಾಠಶಾಲೆಯಲ್ಲಿ ಅಮರಕೋಶವನ್ನೂ ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಓದಿಕೊಂಡು ಬೆಳೆದ ನನಗೆ ಈ ವಿಷಯದಲ್ಲಿ ಯಾವ ಅಧಿಕಾರವೆಂದು ಮೊದಲು ಹಿಂಜರಿದೆನು. ಅನಂತರ ಆಲೋಚಿಸಲಾಗಿ, ನನಗೆ ಇದರಲ್ಲಿ ಒಂದು ಅಧಿಕಾರವಿದೆಯೆಂದು ತೋರಿತು. ಅದು ಪಾಂಡಿತ್ಯದ ಅಧಿಕಾರವಲ್ಲ, ಪೆಟ್ಟು ತಿಂದವನ ಅಧಿಕಾರ. ಅದನ್ನು ಸಮಯ ಬಂದಾಗ ಮುಚ್ಚುಮರೆಯಿಲ್ಲದೆ ಅರಿಕೆಮಾಡುವೆನು.

ನಾವಿಂದು ಕುಳಿತಿರುವ ಈ ಸ್ಥಳವು ಸಾಮಾನ್ಯವಾದುದಲ್ಲ. ಶಾಸನಗಳಲ್ಲಿ ಬಂದಣಿಕೆಯೆಂದೂ ಬಾಂಧವಪುರವೆಂದೂ ಹೆಸರಾದ ಈ ಊರು ನಾಗರಖಂಡ ನಾಡಿಗೆ ರಾಜಧಾನಿಯಾಗಿದ್ದಿತು. ಇಲ್ಲಿಯ ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ, ಶಾಂತಿನಾಥ ಬಸದಿಗಳನ್ನು ತಾವೆಲ್ಲರೂ ಕಂಡಿರುವಿರಿ. ಶಿಕಾರಿಪುರ ಸೀಮೆಯ ಕಲ್ಬರಹಗಳನ್ನು ರೈಸ್ ಸಾಹೇಬರು 1902ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಆ ಸಂಪುಟವನ್ನು ತಿರುವಿಹಾಕುವಾಗ ನನಗೆ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಎರಡು ಬಗೆಯ ಕಲ್ಲುಗಳು. ಒಂದು ದಾನಶಾಸನ, ಇನ್ನೊಂದು ವೀರಗಲ್ಲು. ದಾನಶಾಸನದಲ್ಲಿ ಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳನ್ನೂ, ಹಳ್ಳ, ಮರ, ನೆಟ್ಟ ಕಲ್ಲುಗಳ ಗುರುತು ಸಹಿತವಾಗಿ ಹೇಳಿರುತ್ತದೆ. ಎಲ್ಲೆಯನ್ನು ಹೇಳದೆ ಕೊಟ್ಟದ್ದು ಉಳಿಯುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ವೀರಗಲ್ಲುಗಳಾದರೋ ತುರುಗೋಳಿನಲ್ಲಿ, ಎಂದರೆ ಕಳ್ಳರು ಊರ ದನಗಳನ್ನು ಹೊಡೆದುಕೊಂಡು ಹೋದಾಗ, ಅಡ್ಡನಿಂತು ಕಾದಿ ಮಡಿದವರ ಕಥೆಗಳು. ಹೆಂಗಸರ ಮಾನಕ್ಕೆ ಕುತ್ತು ಬಂದಾಗ ಕಾದಿದ ಕಾಳಗಕ್ಕೆ ಆ ಕಲ್ಲುಗಳಲ್ಲಿ 'ಪೆಣ್ಬುಯ್ಯಲ್' ಎಂದು ಹೆಸರು. ಪುಯ್ಯಲೆಂದರೆ ಮೊರೆಯ ಕೂಗು. ಇಂದಿನ ಮಾತಿನಲ್ಲಿ ಹುಯ್ಯಲು. ಕಳ್ಳನು ಬಂದನೆಂದು ಒಬ್ಬರು ಹುಯ್ಯಲಿಟ್ಟರೆ ಊರಿಗೆ ಊರೇ ಎದ್ದು ಬರುತ್ತಿದ್ದಿತು.

ಎಲ್ಲೆ, ಹುಯ್ಯಲು, ಇವೆರಡರ ನಡುವೆ ಮೂರನೆಯದಾದ ಪರೀಕ್ಷೆಯೊಂದು. ನಾನಿಂದು ಹೇಳಬೇಕೆಂದಿರುವುದೆಲ್ಲ ಈ ಮೂರು ಮಾತುಗಳಲ್ಲಿ ಅಡಗಿದೆ.

ಮೊದಲು ಒಂದು ಮಾತು. ಅಂತರ್ಜಾಲವನ್ನು ನಿಂದಿಸುವುದಕ್ಕಾಗಿ ನಾನು ನಿಂತಿಲ್ಲ. ನಮ್ಮ ದೇಶದಲ್ಲಿ ಅದು ಸಾರ್ವಜನಿಕರಿಗೆ ದೊರೆತುದು 1995ರ ಆಗಸ್ಟ್ 15ರಂದು. ನಮ್ಮ ರಾಜ್ಯದಲ್ಲಿ 2000ದಲ್ಲಿ 'ಭೂಮಿ' ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಬಂದವು. ಮೊಬೈಲಿನಿಂದ ಮೊಬೈಲಿಗೆ ಕ್ಷಣದಲ್ಲಿ ಹಣವನ್ನು ದಾಟಿಸುವ ಯು.ಪಿ.ಐ. ಏರ್ಪಾಡು 2016ರಲ್ಲಿ ಬಂದಿತು. ಅಡಕೆಯ ಧಾರಣೆ, ಮಳೆಯ ಮುನ್ಸೂಚನೆ, ಮಕ್ಕಳ ಪಾಠ, ಪರದೇಶದಲ್ಲಿರುವ ಮಗನ ಮುಖದರ್ಶನ ಎಲ್ಲವೂ ಇಂದು ಪಡಸಾಲೆಯಲ್ಲಿ ಕುಳಿತಲ್ಲಿಯೇ ದೊರೆಯುತ್ತವೆ. ಬೆಂಕಿಯಿಂದ ಮನೆ ಸುಡುವುದುಂಟೆಂದು ಯಾರೂ ಒಲೆಯನ್ನು ಕೆಡಿಸುವುದಿಲ್ಲ. ಒಲೆಯ ಸುತ್ತ ಕಟ್ಟೆ ಕಟ್ಟುತ್ತಾರೆ. ಅಂತಹ ಕಟ್ಟೆಯ ವಿಚಾರವೇ ಈ ಭಾಷಣ.

ಹಿಂದಿನ ಕಳ್ಳನಿಗೂ ಈಗಿನ ಕಳ್ಳನಿಗೂ ಇರುವ ಭೇದವನ್ನು ತಿಳಿಯಬೇಕು. ಹಿಂದಿನವನು ಕನ್ನ ಕೊರೆದು ಬರುತ್ತಿದ್ದನು. ಈಗಿನವನು ನಾವೇ ಬಾಗಿಲನ್ನು ತೆರೆಯುವಂತೆ ಮಾಡುತ್ತಾನೆ. ಬೀಗವನ್ನು ಮುರಿಯುವುದಕ್ಕಿಂತ ಮನಸ್ಸನ್ನು ಕಲಕುವುದು ಸುಲಭವೆಂದು ಅವನು ಕಂಡುಕೊಂಡಿದ್ದಾನೆ. ಅವನು ಬರುವ ದಾರಿಗಳು ಮುಖ್ಯವಾಗಿ ಮೂರು: ಭಯ, ಲೋಭ, ಅವಸರ.

ಭಯದ ದಾರಿಯನ್ನು ನೋಡಿರಿ. ಮೊಬೈಲಿಗೆ ಕರೆ ಬರುತ್ತದೆ. "ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಸಂಖ್ಯೆಯಿಂದ ಅಪರಾಧ ನಡೆದಿದೆ" ಎಂದು ಗದರಿಸುತ್ತಾರೆ. ಆಮೇಲೆ ವಿಡಿಯೋ ಕರೆಯಲ್ಲಿ ಪೋಲೀಸು ಉಡುಪು ತೊಟ್ಟವನು, ನ್ಯಾಯಾಧೀಶನ ವೇಷದವನು ಕಾಣಿಸಿಕೊಳ್ಳುತ್ತಾರೆ. "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮರಾದ ಎದುರಿನಿಂದ ಏಳಕೂಡದು, ಮನೆಯವರಿಗೂ ಹೇಳಕೂಡದು, ತನಿಖೆ ಮುಗಿಯುವವರೆಗೆ ನಿಮ್ಮ ಹಣವನ್ನು ಈ ಖಾತೆಗೆ ಕಳುಹಿಸಬೇಕು" ಎನ್ನುತ್ತಾರೆ. ಸಜ್ಜನರೇ, ನಮ್ಮ ದೇಶದ ಯಾವ ಕಾಯಿದೆಯಲ್ಲಿಯೂ ಡಿಜಿಟಲ್ ಅರೆಸ್ಟ್ ಎಂಬುದು ಇಲ್ಲವೇ ಇಲ್ಲ. ಯಾವ ಪೋಲೀಸು ಅಧಿಕಾರಿಯೂ ವಿಡಿಯೋ ಕರೆಯಲ್ಲಿ ಸೆರೆಹಿಡಿಯುವುದಿಲ್ಲ, ಫೋನಿನಲ್ಲಿ ಹಣ ಕೇಳುವುದಿಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನೇ ದೇಶಕ್ಕೆಲ್ಲ ತಿಳಿಸಿ, ನಿಲ್ಲಿರಿ, ಯೋಚಿಸಿರಿ, ಆಮೇಲೆ ಮುಂದಿನ ಕ್ರಮ ಕೈಕೊಳ್ಳಿರಿ ಎಂದು ಎಚ್ಚರಿಸಿದರು. "ಮನೆಯವರಿಗೆ ಹೇಳಕೂಡದು" ಎಂಬ ಮಾತು ಬಂದ ಕೂಡಲೇ ಆಡುವವನು ಕಳ್ಳನೆಂದು ನಿಶ್ಚಯಿಸಬಹುದು.

ಲೋಭದ ದಾರಿ ಇನ್ನೂ ನುಣುಪಾದುದು. "ಮನೆಯಲ್ಲಿಯೇ ಕುಳಿತು ದಿನಕ್ಕೆ ಮೂರು ಸಾವಿರ ಸಂಪಾದಿಸಿರಿ, ಷೇರಿನಲ್ಲಿ ಹಣ ಹೂಡಿರಿ, ತಿಂಗಳಲ್ಲಿ ಇಮ್ಮಡಿಯಾಗುವುದು" ಎಂದು ವಾಟ್ಸಾಪಿನಲ್ಲಿ ಬರೆಯುತ್ತಾರೆ. ಮೊದಲು ಐನೂರೋ ಸಾವಿರವೋ ನಿಜವಾಗಿಯೂ ಕೊಡುತ್ತಾರೆ. ಗಾಳದ ತುದಿಗೆ ಸಿಕ್ಕಿಸಿದ ಎರೆಹುಳು ಅದು. ಆಮೇಲೆ ಹೂಡಿದ ಹಣ ಪರದೆಯ ಮೇಲೆ ಬೆಳೆಯುತ್ತಲೇ ಇರುತ್ತದೆ. ಕೈಗೆ ಮಾತ್ರ ಬರುವುದಿಲ್ಲ. ಹಿಂದಕ್ಕೆ ಪಡೆಯಬೇಕಾದರೆ ತೆರಿಗೆಯೆಂದು ಇನ್ನಷ್ಟು ಕಟ್ಟಬೇಕೆನ್ನುತ್ತಾರೆ. ಕಾಯಕವಿಲ್ಲದೆ ಬಂದ ಹಣವು ಸಲ್ಲದೆಂಬುದು ನಮಗೆ ಶರಣರು ಹಾಕಿಕೊಟ್ಟ ಸದಾಚಾರ. ದುಡಿಮೆಯಿಲ್ಲದೆ ದುಡ್ಡು ಕೊಡುತ್ತೇನೆಂಬವನನ್ನು ಸಂದೇಹಿಸುವುದಕ್ಕೆ ನಮಗೆ ಗಣಕಯಂತ್ರದ ವಿದ್ಯೆಯೇ ಬೇಕಾಗಿಲ್ಲ. ಆ ಆಚಾರದ ನೆನಪೊಂದೇ ಸಾಕು.

ಇಲ್ಲಿಯೇ ತರುಣರಿಗೆ ಒಂದು ಕಟುವಾದ ಮಾತನ್ನು ಹೇಳಲೇಬೇಕು. ಕದ್ದ ಹಣವನ್ನು ಸಾಗಿಸುವುದಕ್ಕೆ ಕಳ್ಳರಿಗೆ ಅನ್ಯರ ಬ್ಯಾಂಕು ಖಾತೆಗಳು ಬೇಕು. "ನಿನ್ನ ಪಾಸುಪುಸ್ತಕವನ್ನೂ ಸಿಮ್ಮನ್ನೂ ಕೊಡು, ಕಮಿಷನ್ ಕೊಡುತ್ತೇವೆ" ಎಂದು ಕೆಲಸವಿಲ್ಲದ ಹುಡುಗರನ್ನು ಹುಡುಕುತ್ತಾರೆ. ಹಾಗೆ ಖಾತೆಯನ್ನು ಬಾಡಿಗೆಗೆ ಕೊಟ್ಟವನು ಕಳ್ಳಮಾಲು ಹೊತ್ತವನೇ ಸರಿ. ಪೋಲೀಸರು ಮೊದಲು ಬಂದು ನಿಲ್ಲುವುದೂ ಅವನ ಮನೆಯ ಬಾಗಿಲಿನಲ್ಲಿಯೇ.

ಅವಸರದ ದಾರಿ ಮೂರನೆಯದು. "ಇಂದು ರಾತ್ರಿಯೇ ನಿಮ್ಮ ವಿದ್ಯುತ್ತು ಕಡಿಯುವುದು, ಇಂದೇ ನಿಮ್ಮ ಖಾತೆ ಮುಚ್ಚುವುದು" ಎಂಬ ಸಂದೇಶಗಳು ಈ ಜಾತಿಯವು. ಮದುವೆಯ ಕರೆಯೋಲೆಯೆಂದು, ವಾಹನದ ದಂಡದ ಚೀಟಿಯೆಂದು ಒಂದು ಕಡತವನ್ನು ಕಳುಹಿಸುತ್ತಾರೆ. ಅದರ ಹೆಸರಿನ ಕೊನೆಯಲ್ಲಿ 'ಎ.ಪಿ.ಕೆ.' ಎಂಬ ಮೂರು ಅಕ್ಷರಗಳಿದ್ದರೆ ಅದು ಪತ್ರವೂ ಅಲ್ಲ, ಚಿತ್ರವೂ ಅಲ್ಲ. ಮೊಬೈಲಿನೊಳಗೆ ಸ್ಥಾಪಿತವಾಗಿ ನಮಗೆ ಬರುವ ಸಂದೇಶಗಳನ್ನು ಕಳ್ಳನಿಗೆ ದಾಟಿಸಬಲ್ಲ ಯಂತ್ರ. ಬ್ಯಾಂಕಿನವರು ಕಳುಹಿಸುವ ಒ.ಟಿ.ಪಿ. ಎಂಬ ಗುಪ್ತಸಂಖ್ಯೆಯು ನಾವು ಬಾಯಿಬಿಟ್ಟು ಹೇಳದಿದ್ದರೂ ಅವನ ಕೈಸೇರುತ್ತದೆ.

ಇನ್ನು ಪರೀಕ್ಷೆಯ ವಿಚಾರ. ದೊಡ್ಡ ಅಧಿಕಾರಿಯೆಂದು ಹೇಳಿಕೊಂಡವನನ್ನು, ಕಾವಿಯನ್ನೋ ಖಾಕಿಯನ್ನೋ ತೊಟ್ಟವನನ್ನು ಪ್ರಶ್ನಿಸುವುದು ಅವಿನಯವೆಂದು ನಮ್ಮ ಜನ ತಿಳಿಯುತ್ತಾರೆ. ಕಳ್ಳರಿಗೆ ಅನುಕೂಲವಾಗಿರುವುದು ನಮ್ಮ ಈ ಸೌಜನ್ಯವೇ. ಆದರೆ ನಮ್ಮ ಪರಂಪರೆಯು ಕಲಿಸಿದುದು ಇದನ್ನಲ್ಲ. ಇಲ್ಲಿಗೆ ಅನತಿದೂರದ ಬಳ್ಳಿಗಾವೆಯಲ್ಲಿ ಅಲ್ಲಮಪ್ರಭುಗಳು ಜನಿಸಿದರು. ಇದೇ ತಾಲ್ಲೂಕಿನ ಉಡುತಡಿಯಲ್ಲಿ ಅಕ್ಕಮಹಾದೇವಿಯು ಜನಿಸಿದಳು. ಒಂದೇ ಸೀಮೆಯ ಈ ಇಬ್ಬರು ಕಲ್ಯಾಣದ ಅನುಭವಮಂಟಪದಲ್ಲಿ ಎದುರಾದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಬಂದವಳು ಮಹಾವಿರಾಗಿಣಿಯೆಂಬ ಕೀರ್ತಿಯನ್ನು ಕೇಳಿಯೂ ಪ್ರಭುದೇವರು ಆಕೆಯನ್ನು ಪ್ರಶ್ನಿಸದೆ ಬಿಡಲಿಲ್ಲ. ನಿಷ್ಠುರವಾದ ಪ್ರಶ್ನೆಗಳನ್ನೇ ಕೇಳಿದರು. ಅಕ್ಕನು ಮುನಿಯಲಿಲ್ಲ, ಒಂದೊಂದಕ್ಕೂ ಉತ್ತರ ಕೊಟ್ಟಳು. ಆಮೇಲೆ ಸಭೆಗೆ ಸಭೆಯೇ ಆಕೆಗೆ ಶರಣೆಂದಿತು. ಸತ್ಯವಂತರು ಪರೀಕ್ಷೆಗೆ ಅಂಜುವುದಿಲ್ಲವೆಂಬುದೇ ಇದರ ತಾತ್ಪರ್ಯ. ಪ್ರಶ್ನೆ ಕೇಳಿದೊಡನೆ ಗದರಿಸುವವನೂ, ಅವಸರಪಡಿಸುವವನೂ ಸತ್ಯವಂತನಲ್ಲ.

ಪರೀಕ್ಷಿಸುವ ಕ್ರಮವಾದರೋ ಬಹು ಸರಳ. ಬ್ಯಾಂಕಿನಿಂದ ಕರೆಯೆಂದು ಹೇಳಿದರೆ, "ಒಳ್ಳೆಯದು, ನಾನೇ ಬ್ಯಾಂಕಿಗೆ ಬರುತ್ತೇನೆ" ಎಂದು ಕರೆಯನ್ನು ಮುಗಿಸಿರಿ. ಪಾಸುಪುಸ್ತಕದ ಮೇಲೆ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆಮಾಡಿರಿ. ಅವರು ಕೊಟ್ಟ ಸಂಖ್ಯೆಗೆ ಮಾಡಬೇಡಿರಿ. ಮಗನ ಧ್ವನಿಯಲ್ಲಿಯೇ ಅಳುತ್ತ ಹಣ ಕೇಳಿದರೂ ಮಗನ ಸ್ವಂತ ಸಂಖ್ಯೆಗೆ ಕರೆಮಾಡಿ ನೋಡಿರಿ. ಏಕೆಂದರೆ ಒಬ್ಬರ ಧ್ವನಿಯ ಅಲ್ಪ ಮಾದರಿಯಿಂದ ಅದನ್ನೇ ಹೋಲುವ ಕೃತಕ ಧ್ವನಿಯನ್ನು ಹುಟ್ಟಿಸುವ ಯಂತ್ರಗಳು ಈಗ ಬಂದಿವೆ. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಂಡಿದ್ದರೆ ಇನ್ನೂ ಲೇಸು; ಸಂಕಟದ ಕರೆ ಬಂದಾಗ ಆ ಮಾತನ್ನು ಕೇಳಿದರಾಯಿತು. ಯು.ಪಿ.ಐ. ವಿಷಯದಲ್ಲಿ ನೆನಪಿಡತಕ್ಕ ಸೂತ್ರ ಒಂದೇ: ಹಣವನ್ನು ಕೊಡುವಾಗ ಮಾತ್ರ ಗುಪ್ತಸಂಖ್ಯೆಯನ್ನು ಒತ್ತಬೇಕು; ಪಡೆಯುವುದಕ್ಕೆ ಏನನ್ನೂ ಒತ್ತಬೇಕಾಗಿಲ್ಲ. "ನಿಮಗೆ ಹಣ ಬರುವುದು, ಪಿನ್ ಒತ್ತಿರಿ" ಎಂದವನು ನಿಮ್ಮ ಕೈಯಿಂದಲೇ ನಿಮ್ಮ ಪೆಟ್ಟಿಗೆಯನ್ನು ತೆರೆಸುತ್ತಿದ್ದಾನೆ.

ಎಲ್ಲೆಯ ವಿಚಾರಕ್ಕೆ ಬರೋಣ. ಮನೆಗೆ ಬೇಲಿಯಿರುವಂತೆ ಮೊಬೈಲಿಗೂ ಬೇಲಿಯಿರಬೇಕು. ಮೊದಲನೆಯದು ಪಾಸ್‌ವರ್ಡು. ಮಗನ ಜನ್ಮದಿನ, ಊರ ಹೆಸರು, 'ಒಂದು ಎರಡು ಮೂರು ನಾಲ್ಕು' ಇವು ಬೀಗಗಳೇ ಅಲ್ಲ. ಪಂಚಾಕ್ಷರಿಯನ್ನೇ ಪಾಸ್‌ವರ್ಡಾಗಿ ಇಟ್ಟುಕೊಂಡ ಭಕ್ತರನ್ನೂ ನಾನು ಬಲ್ಲೆನು. ಪಂಚಾಕ್ಷರಿಯು ಭವವನ್ನು ದಾಟಿಸುವುದು ನಿಜ. ಆದರೆ ಅದು ಎಲ್ಲರ ನಾಲಗೆಯ ಮೇಲೂ ಇರುವ ಮಂತ್ರವಾದುದರಿಂದ ಪೆಟ್ಟಿಗೆಯನ್ನು ಕಾಯಲಾರದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಪೋಣಿಸಿ ಉದ್ದವಾದ ಪಾಸ್‌ವರ್ಡು ಮಾಡಿಕೊಳ್ಳಿರಿ. ಕಣಜಕ್ಕೂ ದೇವರಮನೆಗೂ ತಿಜೋರಿಗೂ ಒಂದೇ ಕೀಲಿಕೈ ಇಡುವವರಿಲ್ಲವಷ್ಟೆ. ಹಾಗೆಯೇ ಬ್ಯಾಂಕಿಗೆ ಒಂದು, ಅಂಚೆಗೆ ಒಂದು, ಉಳಿದುದಕ್ಕೆ ಬೇರೆಯದೊಂದು. ಪಾಸ್‌ವರ್ಡಿನ ಮೇಲೆ ಎರಡನೆಯ ಬೀಗವಾಗಿ ಮತ್ತೊಂದು ಸಂಖ್ಯೆಯನ್ನು ಕೇಳುವ ಏರ್ಪಾಡು ಎಲ್ಲಿದೆಯೋ ಅಲ್ಲಿ ಅದನ್ನು ತಪ್ಪದೆ ಹಾಕಿಸಿಕೊಳ್ಳಿರಿ.

ಎರಡನೆಯದು, ಮನೆಗೆ ವೈಫೈ ಹಾಕಿಸಿದಾಗ ಅದರ ಪೆಟ್ಟಿಗೆಗೆ ಕಾರ್ಖಾನೆಯವರೇ ಇಟ್ಟಿರುವ ಪಾಸ್‌ವರ್ಡನ್ನು ಅಂದೇ ಬದಲಾಯಿಸಬೇಕು. ಮೂರನೆಯದು, ಮೊಬೈಲು ಆಗಾಗ ಕೇಳುವ ಪರಿಷ್ಕರಣವನ್ನು ಮುಂದೂಡಬಾರದು. ಗೋಡೆಯ ಬಿರುಕಿಗೆ ಗಾರೆ ಮೆತ್ತುವ ಕೆಲಸವೇ ಅದು. ನಾಲ್ಕನೆಯದು, ದಿನವಹಿ ವೆಚ್ಚಕ್ಕೆ ಯು.ಪಿ.ಐ. ಜೋಡಿಸುವ ಖಾತೆ ಬೇರೆ, ಅಡಕೆ ಮಾರಿದ ಹಣವನ್ನೂ ಮಗಳ ಮದುವೆಯ ಹಣವನ್ನೂ ಇಡುವ ಖಾತೆ ಬೇರೆ ಆಗಿರಲಿ. ಸಂತೆಗೆ ಹೋಗುವಾಗ ತಿಜೋರಿಯನ್ನೇ ಹೊತ್ತುಕೊಂಡು ಹೋಗುವವರುಂಟೆ? ಐದನೆಯದು ಆಧಾರ್. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವಂತಹ ಪ್ರತಿಯನ್ನು ಪಡೆಯಬಹುದು. ಬೆರಳಚ್ಚಿಗೆ ಬೀಗ ಹಾಕಿ ಬೇಕಾದಾಗ ತೆರೆಯುವ ಅನುಕೂಲವೂ ಇದೆ. ನಮ್ಮ ಹೆಸರಿನಲ್ಲಿ ನಮಗೆ ತಿಳಿಯದ ಸಿಮ್ಮುಗಳು ಇವೆಯೇ ಎಂಬುದನ್ನು, ಕೇಂದ್ರ ದೂರಸಂಪರ್ಕ ಇಲಾಖೆಯವರು 2023ರಲ್ಲಿ ತೆರೆದ 'ಸಂಚಾರ್ ಸಾಥಿ' ಎಂಬಲ್ಲಿ ನೋಡಿಕೊಳ್ಳಬಹುದು.

ಎಲ್ಲೆಯ ಮಾತಿನಲ್ಲಿಯೇ ಮಕ್ಕಳ ವಿಚಾರವೂ ಸೇರುತ್ತದೆ. ಅಂತರ್ಜಾಲದಲ್ಲಿ ಬರೆದುದು ನೀರಿನ ಮೇಲಣ ಬರಹವೆಂದು ಮಕ್ಕಳು ತಿಳಿಯುತ್ತಾರೆ. ಅದು ಶಿಲಾಲೇಖಕ್ಕಿಂತಲೂ ಗಟ್ಟಿಯಾದುದು. ಇಲ್ಲಿಯ ಶಾಸನಗಳಲ್ಲಿ ಎಷ್ಟೋ ಅಕ್ಷರಗಳು ಮಳೆಗೆ ಸವೆದಿವೆ. ಅಲ್ಲಿ ಹಾಕಿದ ಚಿತ್ರವಾದರೋ ನಾವು ಅಳಿಸಿದರೂ ಅಷ್ಟರೊಳಗೆ ಯಾರ ಯಾರ ಕೈಯಲ್ಲಿ ನಕಲಾಗಿದೆಯೋ ತಿಳಿಯದು. ಮಕ್ಕಳ ಶಾಲೆ, ಓಡಾಡುವ ಹೊತ್ತು, ಮನೆಯ ವಿಳಾಸ ಇವು ತಿಳಿಯುವಂತಹ ಚಿತ್ರಗಳನ್ನು ದೊಡ್ಡವರೂ ಹಾಕಬಾರದು. ಚಿಕ್ಕ ಮಕ್ಕಳು ಮೊಬೈಲನ್ನು ಬಳಸುವುದು ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರಿನಲ್ಲಿ ಆಗಲಿ. ಹಣವಿಟ್ಟು ಆಡುವ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಕಾಯಿದೆಯಿಂದಲೇ ನಿಷೇಧಿಸಿತು. ಪಾಂಡವರು ಪಗಡೆಯಲ್ಲಿ ಕಳೆದುಕೊಂಡುದನ್ನು ಓದಿದವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷವಾಗಿ ಹೇಳತಕ್ಕದ್ದುಂಟು. ಚಿತ್ರವನ್ನು ಕದ್ದು, ತಿದ್ದಿ, ಬೆದರಿಸುವ ನೀಚರಿದ್ದಾರೆ. ಒಬ್ಬರ ಖಾಸಗಿ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದೂ ಹರಡುವುದೂ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ವಿಧಿಯ ಪ್ರಕಾರ ಶಿಕ್ಷಾರ್ಹವಾದ ಅಪರಾಧ. ತಪ್ಪು ಮಾಡಿದವನು ಅವನು, ಆ ಹುಡುಗಿಯಲ್ಲ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಮಗಳು ಅಂಜುತ್ತ ಬಂದು ಹೇಳಿದರೆ ಮೊದಲು ಅವಳಿಗೇ ಬೈಗುಳ. ಆಮೇಲೆ ಮೊಬೈಲನ್ನು ಕಸಿದುಕೊಳ್ಳುವುದು. ಕೆಲವು ಕಡೆ ಓದನ್ನೇ ಬಿಡಿಸುವುದು. ಹೀಗಾಗುವುದೆಂದು ತಿಳಿದ ಮಗಳು ಹೇಳುವುದೇ ಇಲ್ಲ. ಒಬ್ಬಳೇ ಕಳ್ಳನ ಕೈಯಲ್ಲಿ ನವೆಯುತ್ತಾಳೆ. ಈ ಬಂದಳಿಕೆಯ ಒಂದು ಶಾಸನವನ್ನು ನೆನೆಯಿರಿ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕನ್ನರದೇವನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ಅಧಿಕಾರದಲ್ಲಿದ್ದ ಪತಿಯು ಮಡಿದಾಗ ಆ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡು ನಾಡನ್ನಾಳಿದವಳು ಜಕ್ಕಿಯಬ್ಬೆ. ಅಂತ್ಯಕಾಲದಲ್ಲಿ ತನ್ನ ಆಸ್ತಿಯ ಭಾರವನ್ನು ಮಗಳಿಗೆ ಒಪ್ಪಿಸಿ ವ್ರತದಿಂದ ದೇಹವನ್ನು ಬಿಟ್ಟಳು. ತಾಯಿಯು ಮಗಳನ್ನು ನಂಬಿ ಹೊಣೆಯನ್ನು ಒಪ್ಪಿಸಿದ ನೆಲವಿದು. ಇಲ್ಲಿಯ ಹೆಣ್ಣುಮಕ್ಕಳ ಕೈಯಿಂದ ವಿದ್ಯೆಯ ಸಾಧನವನ್ನು ಕಸಿಯುವುದು ನಮಗೆ ಶೋಭಿಸುವುದಿಲ್ಲ. ಬ್ಯಾಂಕಿನ ವ್ಯವಹಾರವನ್ನೂ ಅದರ ಅಪಾಯಗಳನ್ನೂ ಗಂಡಸರು ಮಾತ್ರ ತಿಳಿದಿದ್ದರೆ ಸಾಲದು. ಮನೆಯೊಡತಿಗೂ ಮಗಳಿಗೂ ತಿಳಿದಿರಬೇಕು.

ಈಗ ನನ್ನ ಅರಿಕೆ. ಕಳೆದ ಮಳೆಗಾಲದ ಒಂದು ಸಂಜೆ ನನಗೆ ಕರೆಯೊಂದು ಬಂದಿತು. ಶುದ್ಧವಾದ ಕನ್ನಡ, ಮಾತಿಗೊಮ್ಮೆ "ಗುರುಗಳೇ" ಎಂಬ ಸಂಬೋಧನೆ. ನನ್ನ ಖಾತೆಯ ವಿವರಗಳು ಹಳೆಯವಾದವೆಂದೂ ಆ ರಾತ್ರಿಯೇ ಸರಿಪಡಿಸದಿದ್ದರೆ ಖಾತೆ ನಿಂತುಹೋಗುವುದೆಂದೂ ಹೇಳಿ ಒಂದು ಕಡತವನ್ನು ಕಳುಹಿಸಿದನು. ನಾನು ತೆರೆದೆನು. ಹಳೆಯ ಓಲೆಗರಿಯೊಂದನ್ನು ಅಚ್ಚುಹಾಕಿಸಬೇಕೆಂದು ವರ್ಷಗಳಿಂದ ಕೂಡಿಟ್ಟಿದ್ದ ಮೂವತ್ತೆಂಟು ಸಾವಿರ ರೂಪಾಯಿಗಳು ದೀಪ ಹಚ್ಚುವ ಹೊತ್ತಿಗೆ ಹೋಗಿದ್ದವು. ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಆಮೇಲೆ ಮಾಡಿದೆನು. ಯಾರಿಗೂ ಹೇಳಲಿಲ್ಲ. "ನಾಲ್ಕು ಜನಕ್ಕೆ ಬುದ್ಧಿ ಹೇಳುವ ಶಾಸ್ತ್ರಿಗಳೇ ಮೋಸಹೋದರಂತೆ" ಎಂಬ ಮಾತಿಗೆ ಅಂಜಿ ಮೂರು ದಿನ ಬಾಯಿ ಹೊಲಿದುಕೊಂಡು ಕುಳಿತೆನು. ನಾಲ್ಕನೆಯ ದಿನ ನನ್ನ ಮುಖ ಬಾಡಿರುವುದನ್ನು ಕಂಡು ಪಾಠಶಾಲೆಯ ವಿದ್ಯಾರ್ಥಿಯೊಬ್ಬನು ಕೇಳಿದಾಗ ಹೇಳಿದೆನು. ಅವನು ನನ್ನನ್ನು ಅಣಕಿಸಲಿಲ್ಲ. "ಗುರುಗಳೇ, ಅಂದೇ ಒಂದು ಮಾತು ಹೇಳಿದ್ದರೆ ಪ್ರಯತ್ನಿಸಬಹುದಾಗಿತ್ತಲ್ಲ" ಎಂದಷ್ಟೇ ಹೇಳಿದನು. ದೂರು ಕೊಟ್ಟೆವು. ಅಷ್ಟರಲ್ಲಿ ಹಣವು ನಾಲ್ಕಾರು ಖಾತೆಗಳನ್ನು ದಾಟಿ ನಗದಾಗಿ ಹೋಗಿದ್ದಿತು. ಆ ಓಲೆಗರಿ ಇಂದಿಗೂ ಅಚ್ಚಾಗಿಲ್ಲ.

ಅದೇ ತಿಂಗಳಿನಲ್ಲಿ ನಮ್ಮ ಮಠದ ಭಕ್ತೆಯಾದ ಒಬ್ಬ ಮುದುಕಿಗೂ ಕರೆ ಬಂದಿತು. ಆಕೆಗೆ ಅಕ್ಷರವಿಲ್ಲ. ಬೆಂಗಳೂರಿನಲ್ಲಿ ಮಗನು ಪೋಲೀಸರ ವಶದಲ್ಲಿದ್ದಾನೆ, ಐವತ್ತು ಸಾವಿರ ಕಳುಹಿಸಬೇಕು, ಯಾರಿಗೂ ಹೇಳಬೇಡ ಎಂದರಂತೆ. ಆಕೆ ಮಾಡಿದುದೇನು? ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಬಂದು, "ಅಯ್ಯೋ, ನನ್ನ ಮಗನ್ನ ಹಿಡ್ಕಂಡಾರಂತೆ, ಬರ್ರೋ" ಎಂದು ಕೂಗಿಕೊಂಡಳು. ನೆರೆಯವರು ಕೂಡಿದರು. ಒಬ್ಬನು ಮಗನ ಸಂಖ್ಯೆಗೆ ಕರೆಮಾಡಿದನು. ಮಗನು ತನ್ನ ಕೆಲಸದ ಮೇಲೆ ಇದ್ದನು. ಆಕೆಯ ಒಂದು ಕಾಸೂ ಹೋಗಲಿಲ್ಲ.

ಶರಣರೇ, ವೀರಗಲ್ಲುಗಳನ್ನು ಓದಬಲ್ಲ ನನಗೆ ಹುಯ್ಯಲೆಂಬ ಮಾತಿನ ಅರ್ಥ ಗೊತ್ತಿದ್ದಿತು. ಓದಲಾರದ ಆ ತಾಯಿಗೆ ಹುಯ್ಯಲಿಡುವುದೇ ಗೊತ್ತಿದ್ದಿತು. ನನ್ನನ್ನು ಹಾಳುಮಾಡಿದುದು ಅಜ್ಞಾನವೊಂದೇ ಅಲ್ಲ, ನಾಚಿಕೆ. ಭಯ, ಲೋಭ, ಅವಸರ ಇವು ಕಳ್ಳನು ಒಳಗೆ ಬರುವ ಬಾಗಿಲುಗಳಾದರೆ, ನಾಚಿಕೆಯು ಅವನು ಸುಖವಾಗಿ ಹೊರಗೆ ಹೋಗುವ ಬಾಗಿಲು. ಆ ಬಾಗಿಲನ್ನು ಮುಚ್ಚುವುದು ನಮ್ಮ ಕೈಯಲ್ಲಿದೆ.

ಹುಯ್ಯಲಿಡುವುದಕ್ಕೆ ಇಂದು ಸರ್ಕಾರದವರು ಮಾಡಿರುವ ಏರ್ಪಾಡನ್ನು ಬಾಯಿಪಾಠ ಮಾಡಿಕೊಳ್ಳಿರಿ. 1930, ಈ ನಾಲ್ಕು ಅಂಕಿಗಳಿಗೆ ಕರೆಮಾಡಬೇಕು. ಹಣ ಹೋದ ಹೊತ್ತು, ಮೊತ್ತ, ಬ್ಯಾಂಕಿನ ಹೆಸರು, ವ್ಯವಹಾರದ ಸಂಖ್ಯೆ ಇವನ್ನು ಹೇಳಿದರೆ, ಅವರು ಅದನ್ನು ಬ್ಯಾಂಕುಗಳಿಗೆ ಮುಟ್ಟಿಸಿ, ಹಣವು ಯಾವ ಖಾತೆಯಲ್ಲಿ ನಿಂತಿದೆಯೋ ಅಲ್ಲಿಯೇ ತಡೆಯಲು ಪ್ರಯತ್ನಿಸುತ್ತಾರೆ. ದನಗಳು ಊರ ಎಲ್ಲೆಯನ್ನು ದಾಟುವ ಮೊದಲು ಅಡ್ಡಗಟ್ಟಿದಂತೆ ಇದು. ಮೊದಲ ಒಂದು ಗಂಟೆಯೇ ಬಂಗಾರದ ಗಂಟೆ. ಕೂಡಲೇ ನಿಮ್ಮ ಬ್ಯಾಂಕಿಗೂ ತಿಳಿಸಿ ಖಾತೆಯನ್ನು ತಡೆಹಿಡಿಸಿರಿ. ಸಂದೇಶಗಳನ್ನೂ ಕರೆಯ ಸಂಖ್ಯೆಗಳನ್ನೂ ಅಳಿಸಬೇಡಿರಿ, ಅವೇ ಸಾಕ್ಷಿಗಳು. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರನ್ನು ಬರೆದು ಕೊಡಬಹುದು. ನಮ್ಮ ರಾಜ್ಯದಲ್ಲಿ 2001ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದು ಪೋಲೀಸು ಠಾಣೆಯಾಯಿತು. ಈಗ ಶಿವಮೊಗ್ಗದಲ್ಲಿಯೂ ಇಂತಹ ಅಪರಾಧಗಳನ್ನು ವಿಚಾರಿಸುವ ಸಿ.ಇ.ಎನ್. ಠಾಣೆಯಿದೆ. ಮಕ್ಕಳಿಗೆ ಸಂಕಟವಾದರೆ 1098ಕ್ಕೆ ಕರೆಮಾಡಬಹುದು. ಬೇಗ ತಿಳಿಸುವುದರಿಂದ ಇನ್ನೊಂದು ಪ್ರಯೋಜನವುಂಟು. ಖಾತೆದಾರನ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಮೂರನೆಯವರಿಂದ ನಡೆದ ಮೋಸವನ್ನು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಮೇಲೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಅನ್ಯರಂತೆ ನಟಿಸಿ ಗಣಕಯಂತ್ರದ ಮೂಲಕ ವಂಚಿಸುವವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ವಿಧಿಯು ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗಿನ ದಂಡವನ್ನೂ ಹೇಳುತ್ತದೆ.

ಕಾಯಿದೆಯು ಹೀಗಿದ್ದರೂ ಅದು ಮನೆಯೊಳಗೆ ಬಂದು ಕಾಯಲಾರದು. ಕಾಯಬೇಕಾದವರು ನಾವೇ. ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದುಂಟು. ತನ್ನವರಿಗೆ ಅನ್ಯಾಯವಾದಾಗ ಸುಮ್ಮನಿರದಿರುವುದೇ ಅದರ ತಿರುಳು. ಇಂದಿನ ಕಾಲದ ಗಣಾಚಾರವೆಂದರೆ ನೆರೆಯ ಮುದುಕನ ಮೊಬೈಲಿಗೆ ಬಂದ ಸಂದೇಶವನ್ನು ಓದಿ ಹೇಳುವುದು, ಅವನೊಡನೆ ಬ್ಯಾಂಕಿಗೆ ಹೋಗಿಬರುವುದು, ಮೋಸಹೋದವರನ್ನು ನಗದಿರುವುದು. ಆದುದರಿಂದ ಶ್ರೀಸನ್ನಿಧಿಯವರ ಪಾದಗಳಲ್ಲಿ ನನ್ನದೊಂದು ಬಿನ್ನಹವಿದೆ. ಪ್ರತಿ ಅಮಾವಾಸ್ಯೆಯಂದು ಮಠದಲ್ಲಿ ದಾಸೋಹವಾದ ಮೇಲೆ ಒಂದು ಗಂಟೆ, ಪಾಠಶಾಲೆಯ ಹಿರಿಯ ವಿದ್ಯಾರ್ಥಿಗಳು ಭಕ್ತರ ಮೊಬೈಲುಗಳನ್ನು ನೋಡಿ, ಬೀಗಗಳನ್ನು ಸರಿಪಡಿಸಿ, ಕೇಳಿದುದಕ್ಕೆ ಉತ್ತರ ಹೇಳುವಂತೆ ಅಪ್ಪಣೆಯಾಗಬೇಕು. ಪಾಸ್‌ವರ್ಡನ್ನು ಮಾತ್ರ ಭಕ್ತರು ತಾವೇ ಒತ್ತಬೇಕು, ಮಠದವರಿಗೂ ಹೇಳಕೂಡದು. ಮೊದಲನೆಯ ದಿನ ನನ್ನ ಮೊಬೈಲನ್ನೇ ಮುಂದಿಡುತ್ತೇನೆ.

ಮನೆಗೆ ಹೋದ ಮೇಲೆ ತಾವು ಮಾಡತಕ್ಕದ್ದು ಇಷ್ಟೇ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರೆಲ್ಲರ ಎದುರಿಗೆ, "ನಮ್ಮಲ್ಲಿ ಯಾರು ಮೋಸಹೋದರೂ ಆ ಕ್ಷಣವೇ ಹೇಳಬೇಕು, ಹೇಳಿದವರನ್ನು ಯಾರೂ ಬೈಯಬಾರದು" ಎಂದು ಹಿರಿಯರು ಮಾತು ಕೊಡಲಿ. ಆ ಮಾತಿಗಿಂತ ಗಟ್ಟಿಯಾದ ಬೀಗವನ್ನು ನಾನು ಕಾಣೆನು. ಈ ಊರಿಗೆ ಹಿಂದಿನವರು ಬಾಂಧವಪುರವೆಂದು ಹೆಸರಿಟ್ಟರು. ಕೋಟೆ ಹೋಯಿತು, ಅರಸರು ಹೋದರು, ಹೆಸರು ಉಳಿದಿದೆ. ಬಾಂಧವರ ನಡುವೆ ಹುಯ್ಯಲಿಡುವುದಕ್ಕೆ ನಾಚಿಕೆಯೇಕೆ?